ಬತ್ತಿದ ಕೆರೆಯ ಮುಂದೆ ಅರ್ಧ ಗಂಟೆ

ನನ್ನ ಜಾಗಕ್ಕೆ ಬಂದಿರುವ ಅನಘಾ ಎಂಬ ಹುಡುಗಿ ಹೋದ ವಾರ ಫೋನು ಮಾಡಿದ್ದಳು. ಇಲ್ಲೇ ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡಲು ಹೊರಟರೆ ಮಾತ್ರ ಅರ್ಧ ದಾರಿಯಲ್ಲಿ ಇಂಗ್ಲಿಷಿಗೆ ಹೊರಳಿಬಿಡುತ್ತಾಳೆ. "ಆಂಟಿ, ಈ ಜಾಬಿಗೆ ಏನೇನು ಓದ್ಕೋಬೇಕು? ಐ ಮೀನ್, ಹಿಸ್ಟರಿ ಎಷ್ಟು, ಸ್ಟೋರಿ ಎಷ್ಟು?" ಎಂದು ಕೇಳಿದಳು.

ಓದುವುದನ್ನು ಅವಳು ನನಗಿಂತ ಬೇಗ ಓದಿ ಮುಗಿಸುತ್ತಾಳೆ, ಆ ಚಿಂತೆ ನನಗಿಲ್ಲ. ಆದರೆ ಮಿಲ್ಪಿಟಾಸಿನಿಂದ ಒಂದು ಬಸ್ಸು ತುಂಬ ನಮ್ಮ ಕಡೆಯ ಹಿರಿಯರನ್ನು ಕೂಡಿಸಿಕೊಂಡು ಮರುಭೂಮಿಗೆ ಹೋಗಿ, ಯಾರೂ ಮುಖ ಊದಿಸಿಕೊಳ್ಳದಂತೆ ವಾಪಸು ಕರೆತರುವುದು ಹೇಗೆ ಎಂಬುದು ಪುಸ್ತಕದಲ್ಲಿ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಸೀನಿಯರ್ ಗೈಡ್ ಆದದ್ದು, ಬ್ಯಾಡ್ಜಿನ ಬಣ್ಣ ಬದಲಾದದ್ದು ಇವನ್ನೆಲ್ಲ ಬಿಟ್ಟಿದ್ದೇನೆ. ಬಣ್ಣ ಯಾವುದೇ ಇರಲಿ, ಮುಂದಿನ ರೆಸ್ಟ್‌ರೂಮು ಎಲ್ಲಿದೆ ಎಂದು ಹೇಳುವುದೇ ಗೈಡಿನ ಮುಖ್ಯ ಕೆಲಸ.

ನಾನು ಈ ಕೆಲಸಕ್ಕೆ ಸೇರಿದ್ದು ಯಜಮಾನರು ತೀರಿಕೊಂಡ ಮೇಲೆ. ಮೊದಲು ಬಾಗಲಕೋಟೆಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ್ದೆ. ಇಲ್ಲಿಗೆ ಬಂದ ಮೇಲೆ ಡೇಕೇರಿನಲ್ಲಿ ಮಕ್ಕಳ ಮೂಗು ಒರೆಸಿದ್ದೆ. ಎರಡೂ ಅನುಭವ ಈ ಕೆಲಸಕ್ಕೆ ಸಮನಾಗಿ ಉಪಯೋಗಕ್ಕೆ ಬಂದವು. ಮಾಲೀಕರಾದ ಕಿಣಿಯವರು ಮಂಗಳೂರಿನವರು. ಮಿಲ್ಪಿಟಾಸಿನ ಒಂದು ಇಂಡಿಯನ್ ಗ್ರೋಸರಿಯ ಹಿಂದಿನ ಕೋಣೆಯೇ ಅವರ ಆಫೀಸು. ಅಲ್ಲಿ ಒಂದು ತಾಸು ಕೂತರೆ ಬಟ್ಟೆಗೆಲ್ಲ ಇಂಗಿನ ವಾಸನೆ ಹತ್ತುತ್ತಿತ್ತು. ಊರಿನಿಂದ ಮಕ್ಕಳ ಮನೆಗೆಂದು ಬಂದ ತಂದೆತಾಯಿಯರು ಎರಡು ತಿಂಗಳಾಗುವಷ್ಟರಲ್ಲಿ ಬೇಸತ್ತು ಕಿಟಕಿ ನೋಡುತ್ತ ಕೂತಿರುತ್ತಾರೆ, ಅವರನ್ನು ಮೂರು ದಿನ ತಿರುಗಾಡಿಸಿ ತಂದರೆ ಮಕ್ಕಳು ಕೈ ಮುಗಿಯುತ್ತಾರೆ ಎಂದು ಕಂಡುಕೊಂಡ ಬುದ್ಧಿವಂತರು ಅವರು.

"ನೀವು ಜೋರಾಗಿ ಮಾತಾಡ್ತೀರಾ?" ಎಂದು ಮೊದಲ ದಿನ ಕೇಳಿದರು.

"ಬಾಗಲಕೋಟೆಯವಳರೀ ನಾನು."

"ಹಾಗಾದ್ರೆ ಆಯ್ತು. ಮೈಕ್ ಹಾಳಾದ್ರೂ ತೊಂದ್ರೆ ಇಲ್ಲ."

ನನಗೆ ಒಪ್ಪಿಸಿದ ದಾರಿ ಇನ್ಯೊ ಕೌಂಟಿಯದು. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿ, ಸಿಯೆರಾ ಬೆಟ್ಟಸಾಲಿನ ಬೆನ್ನ ಹಿಂದೆ ಇದೆ. ನಮ್ಮ ಮೂರು ಜಿಲ್ಲೆಗಳನ್ನು ಹಾಸಿಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಜನ ಮಾತ್ರ ನಮ್ಮ ಒಂದು ತಾಲೂಕು ಪೇಟೆಯಷ್ಟೂ ಇಲ್ಲ. ಅಲಾಸ್ಕಾವನ್ನು ಬಿಟ್ಟರೆ ಈ ದೇಶದ ಅತಿ ಎತ್ತರದ ಶಿಖರ ಅಲ್ಲಿದೆ. ಅತಿ ತಗ್ಗಿನ ನೆಲವೂ ಅಲ್ಲೇ ಇದೆ. ಸಾವಿರಾರು ವರ್ಷ ಬದುಕಿ ಇನ್ನೂ ಚಿಗುರುತ್ತಿರುವ ಮರಗಳಿವೆ. ಕಿಣಿಯವರಿಗೆ ಈ 'ಅತಿ'ಗಳೆಂದರೆ ಪ್ರಾಣ.

"ಅತಿ ಎತ್ತರ, ಅತಿ ತಗ್ಗು, ಅತಿ ಸೆಕೆ, ಅತಿ ಹಳೇ ಮರ. ನಾಲ್ಕು ತೋರಿಸಿ, ಫೋಟೋ ತೆಗೆಸಿ, ಮನೆಗೆ ಬಿಡಿ. ಮತ್ತೆ ಎಂತ ಬೇಕು ಮಾರಾಯ್ರೆ?"

ನಮ್ಮ ಜನರಿಗೆ ಅದು ಸಾಲುವುದಿಲ್ಲ ಎಂದು ಮೊದಲ ಟ್ರಿಪ್ಪಿನಲ್ಲೇ ಗೊತ್ತಾಯಿತು. ನಮ್ಮವರು ಯಾವುದನ್ನು ನೋಡಿದರೂ ಊರಿನಲ್ಲಿ ಅದರ ಜೋಡಿ ಹುಡುಕುತ್ತಾರೆ. ಟೆಹಾಚಪಿ ಘಾಟಿನಲ್ಲಿ ಗುಡ್ಡದ ತುಂಬ ಗಾಳಿಯಂತ್ರ ತಿರುಗುವುದನ್ನು ತೋರಿಸಿದರೆ, ಹಿಂದಿನ ಸೀಟಿನಿಂದ ಒಂದು ದನಿ ಬಂತು: "ಇವು ನಮ್ಮ ಗದಗಿನ್ಯಾಗೂ ಅದಾವ ಬಿಡ್ರಿ." ಲೋನ್ ಪೈನ್ ಊರಿನ ಪಕ್ಕದ ದುಂಡು ಬಂಡೆಗಳ ನಡುವೆ ನಿಲ್ಲಿಸಿದರೆ, "ಥೇಟ್ ಹಂಪಿ. ಆದ್ರ ಗುಡಿ ಇಲ್ಲ ನೋಡ್ರಿ." ಮೊದಮೊದಲು ಇದರಿಂದ ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ದೂರ ಬಂದು ಗದಗನ್ನೇ ನೋಡುವುದಾದರೆ ಯಾಕೆ ಬರಬೇಕು? ಆಮೇಲೆ ಅರ್ಥವಾಯಿತು, ಅದು ದೂರುವುದಲ್ಲ, ಅವರು ಪರಿಚಯ ಮಾಡಿಕೊಳ್ಳುವ ರೀತಿಯೇ ಅದು. ಹೊಸ ಸೊಸೆಯನ್ನು ನೋಡಿ ಮೂಗು ಯಾರ ಹಾಗಿದೆ ಎನ್ನುವುದಿಲ್ಲವೇ, ಹಾಗೆ. ಅನಘಾ, ಅವರು ಗದಗು ಎಂದಾಗ ನೀನು ಗದಗಿನ ಬಗ್ಗೆ ಎರಡು ಮಾತು ಕೇಳು. ಮೂರನೆಯ ಮಾತಿಗೆ ಅವರೇ ಟೆಹಾಚಪಿಗೆ ಬರುತ್ತಾರೆ.

ಉಪ್ಪಿನ ಪ್ರಸಂಗವನ್ನೂ ಹೇಳಬೇಕು. ಡೆತ್ ವ್ಯಾಲಿಯ ಅತಿ ತಗ್ಗಿನ ಜಾಗದಲ್ಲಿ ನೆಲವೆಲ್ಲ ಬಿಳಿ ಉಪ್ಪು. ನ್ಯಾಷನಲ್ ಪಾರ್ಕಿನಿಂದ ಒಂದು ಕಲ್ಲನ್ನೂ ತರಬಾರದು ಎಂದು ಮೈಕಿನಲ್ಲಿ ಹೇಳಿದ್ದೆ. ಕಲ್ಲು ಎಂದಿದ್ದೆ, ಉಪ್ಪು ಎಂದಿರಲಿಲ್ಲ. ಇಳಿದವರೆಲ್ಲ ಫೋಟೋ ತೆಗೆಸಿಕೊಂಡು ಹತ್ತುವಷ್ಟರಲ್ಲಿ ಖಾಲಿಯಾಗಿದ್ದ ಊಟದ ಡಬ್ಬಿಗಳೆಲ್ಲ ತುಂಬಿದ್ದವು. ಊರಿನಲ್ಲಿ ಹಂಚಬೇಕಂತೆ. ಧಾರವಾಡದ ಒಬ್ಬ ಅಜ್ಜಿ ಅಲ್ಲಿಗೇ ಬಿಡದೆ, ಮಧ್ಯಾಹ್ನದ ಮಜ್ಜಿಗೆಗೆ ಉಪ್ಪು ಕಡಿಮೆಯಾಗಿದೆ ಎಂದು ಅದನ್ನೇ ಒಂದು ಚಿಟಿಕೆ ಹಾಕಿ ಕದಡಿದರು. ಆ ಉಪ್ಪಿನಲ್ಲಿ ಏನೇನೋ ಖನಿಜಗಳಿವೆ. ಮೊದಲು ಕುಡಿದವರ ಮುಖ ಬೇವು ತಿಂದವರ ಹಾಗಾಯಿತು. ಅದೇ ಹೊತ್ತಿಗೆ ಪಾರ್ಕಿನ ರೇಂಜರ್ ಬಂದ. ಬೈಯಲಿಲ್ಲ, ನಗಲೂ ಇಲ್ಲ, ವಾಪಸು ಸುರಿಯಿರಿ ಎಂದ. ಒಂದು ಬಸ್ಸಿನ ಹಿರಿಯರು ಸಾಲಾಗಿ ನಿಂತು ಸ್ಟೀಲಿನ ಡಬ್ಬಿಗಳಿಂದ ಮರುಭೂಮಿಗೆ ಉಪ್ಪು ಸುರಿದರು. ಅಂದಿನಿಂದ ನಾನು ಕಲ್ಲು, ಉಪ್ಪು, ಮಣ್ಣು, ಹೂವು, ಕಡ್ಡಿ ಎಂದು ಬಿಡಿಸಿ ಹೇಳುತ್ತ ಬಂದೆ.

ನಗಲು ಆಗದ ಜಾಗಗಳೂ ಆ ದಾರಿಯಲ್ಲಿವೆ. ಮ್ಯಾಂಜನಾರ್ ಎಂಬಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಕುಟುಂಬಗಳನ್ನು ಮುಳ್ಳುತಂತಿಯ ಒಳಗೆ ಕೂಡಿಹಾಕಿದ್ದರು. ಅಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ. ಒಮ್ಮೆ ಉಡುಪಿಯ ಒಬ್ಬರು ಕೇಳಿದರು, "ಅವರ ಪಾಸ್‌ಪೋರ್ಟ್ ಜಪಾನಿಂದಲ್ವಾ?" ಬಹಳ ಜನ ಇಲ್ಲೇ ಹುಟ್ಟಿದವರು, ಈ ದೇಶದ ಪ್ರಜೆಗಳೇ ಎಂದೆ. ಅವರು ಬಸ್ಸಿಗೆ ಬಂದು ಮಿಲ್ಪಿಟಾಸಿನಲ್ಲೇ ಹುಟ್ಟಿದ ಮೊಮ್ಮಗನಿಗೆ ಫೋನು ಹಚ್ಚಿ ಊಟ ಆಯ್ತಾ ಎಂದು ವಿಚಾರಿಸಿದರು.

ಇನ್ನು ನನ್ನ ಕೆರೆಯ ಮಾತು. ಲೋನ್ ಪೈನಿನಿಂದ ದಕ್ಷಿಣಕ್ಕೆ ಓವೆನ್ಸ್ ಕೆರೆ. ಒಂದು ಕಾಲಕ್ಕೆ ಕಣ್ಣು ಹಾಯುವಷ್ಟು ದೂರ ನೀರು. ಎದುರಿನ ಬೆಟ್ಟದಲ್ಲಿ ಬೆಳ್ಳಿಯ ಗಣಿ ಇತ್ತು, ಬೆಳ್ಳಿಯ ಗಟ್ಟಿಗಳನ್ನು ಉಗಿಹಡಗಿನಲ್ಲಿ ಆಚೆ ದಡಕ್ಕೆ ಸಾಗಿಸುತ್ತಿದ್ದರು. ಆಮೇಲೆ ದೂರದಲ್ಲಿ ಲಾಸ್ ಏಂಜಲೀಸ್ ಬೆಳೆಯಿತು, ಅದಕ್ಕೆ ನೀರು ಬೇಕಾಯಿತು. ಕೆರೆಗೆ ಬರುವ ನದಿಯನ್ನು ಕಾಲುವೆಗೆ ತಿರುಗಿಸಿಕೊಂಡರು. ಕೆರೆ ಬತ್ತಿತು, ಉಪ್ಪುಮಣ್ಣು ಗಾಳಿಗೆ ಎದ್ದು ಸುತ್ತಲ ಊರಿನವರಿಗೆ ಕೆಮ್ಮು ತಂದಿತು. ಈಗ ದೂಳು ಏಳದಂತೆ ಅಲ್ಲಲ್ಲಿ ತೆಳ್ಳಗೆ ನೀರು ಬಿಟ್ಟು, ಜಲ್ಲಿ ಹಾಸಿ ಇಟ್ಟಿದ್ದಾರೆ. ಬಸ್ಸಿನಿಂದ ನೋಡಿದರೆ ಬಿಳಿ ಬಯಲು, ಅಷ್ಟೆ.

ನಮ್ಮ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದವು. ಅದರಲ್ಲಿ ನನ್ನ ತವರಿನ ಓಣಿಯೂ ಒಂದು. ಆ ನೀರಿನಿಂದ ಎಷ್ಟೋ ಹೊಲ ಹಸಿರಾಗಿದೆ, ನಾನು ಯಾರನ್ನೂ ಬೈಯುವುದಿಲ್ಲ. ಆದರೆ ಅಣೆಕಟ್ಟು ತುಂಬಿತೆಂದು ದೊಡ್ಡವರು ಬಾಗಿನ ಕೊಡುವ ಫೋಟೋ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮ ಮನೆಯ ಕಟ್ಟೆ ಎಷ್ಟು ಆಳದಲ್ಲಿರಬಹುದು ಎಂದು ಯೋಚಿಸುತ್ತಿದ್ದೆ. ಅಂಥ ನನಗೆ, ನೀರಿದ್ದಲ್ಲಿ ನೀರಿಲ್ಲದ ಆ ಬಯಲನ್ನು ಮೊದಲ ಸಲ ನೋಡಿದಾಗ ಅಳು ಬಂತು. ಅಲ್ಲಿ ಪ್ರತಿ ಟ್ರಿಪ್ಪಿನಲ್ಲೂ ಅರ್ಧ ಗಂಟೆ ಬಸ್ಸು ನಿಲ್ಲಬೇಕು, ಜನ ಇಳಿಯಬೇಕು ಎಂದು ಹಟ ಹಿಡಿದೆ.

ಕಿಣಿಯವರಿಗೂ ನನಗೂ ಜಗಳ ಶುರುವಾದದ್ದು ಇಲ್ಲಿಂದಲೇ. "ಅಲ್ಲಿ ಎಂತ ಉಂಟು? ಕೆರೆ ಉಂಟಾ? ಇಲ್ಲ. ಹಡಗು ಉಂಟಾ? ಅದೂ ಇಲ್ಲ. ಇಲ್ಲದ್ದನ್ನು ತೋರಿಸ್ಲಿಕ್ಕೆ ಅರ್ಧ ಗಂಟೆ ಬಸ್ ನಿಲ್ಲಿಸ್ತೀರಿ!"

ಜನರೂ ಅವರ ಪರವೇ ಇದ್ದರು. ಸೀಟಿನಿಂದ ಏಳದೆ, "ಇಲ್ಲೇನೈತ್ರೀ ಇಳ್ಯಾಕ?" ಎನ್ನುತ್ತಿದ್ದರು. ಇಳಿದರೂ ಮೂಗಿಗೆ ಸೆರಗು ಹಿಡಿದು, ನನ್ನ ಮಾತು ಮುಗಿಯುವ ಮೊದಲೇ ಹತ್ತಿಬಿಡುತ್ತಿದ್ದರು. ಉಗಿಹಡಗು ಓಡುತ್ತಿತ್ತು ಎಂದರೆ ಯಾರೂ ನಂಬುತ್ತಿರಲಿಲ್ಲ.

ಆ ಕೆರೆಯ ಬಗ್ಗೆ ನನಗೆ ಸರಿಯಾಗಿ ಹೇಳಿಕೊಟ್ಟವಳು ಡೋರಾ. ಪೈಯೂಟ್ ಜನಾಂಗದವಳು, ಅಂದರೆ ಆ ಕಣಿವೆಯ ಮೂಲದವಳು. ನನ್ನದೇ ವಯಸ್ಸು. ಅಲ್ಲಿನ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಟಿಕೆಟ್ ಕೊಡುತ್ತಿದ್ದಳು. ಒಂದು ದಿನ ಅವಳ ಮುಂದೆಯೇ ನಾನು, ಕಿಣಿಯವರ ಕರಪತ್ರದಲ್ಲಿದ್ದಂತೆ, ಗಣಿಯವರು ಬರುವ ಮೊದಲು ಇಲ್ಲಿ ಯಾರೂ ಇರಲಿಲ್ಲ ಎಂದು ಕನ್ನಡದಲ್ಲಿ ಜೋರಾಗಿ ಹೇಳಿದೆ. ಏನು ಹೇಳಿದೆ ಎಂದು ಕೇಳಿದಳು. ಇಂಗ್ಲಿಷಿನಲ್ಲಿ ಹೇಳಿದೆ. ಡೋರಾ ಟಿಕೆಟ್ ಹರಿಯುತ್ತಲೇ, "ಇದು ನಮ್ಮ ಅಜ್ಜಿಗೆ ಗೊತ್ತಿರಲಿಲ್ಲ" ಎಂದಳು. ಆಮೇಲೆ ಹೊರಗೆ ಕರೆದುಕೊಂಡು ಹೋಗಿ, ಅವಳ ಜನ ಬಹಳ ಹಿಂದೆಯೇ ಬೆಟ್ಟದ ಹೊಳೆಗಳಿಂದ ಕಾಲುವೆ ತೆಗೆದು ನೆಲಕ್ಕೆ ನೀರುಣಿಸಿದ ಕಥೆ ಹೇಳಿದಳು. ಅವರ ಭಾಷೆಯಲ್ಲಿ ಆ ಕಣಿವೆಯ ಹೆಸರಿಗೆ ನೀರು ಹರಿಯುವ ನಾಡು ಎಂದು ಅರ್ಥವಂತೆ. ಕರಪತ್ರದ ಆ ಸಾಲನ್ನು ಕಿಣಿಯವರು ಮರುಮಾತಿಲ್ಲದೆ ತೆಗೆಸಿದರು. ಡೋರಾ ಮತ್ತು ನಾನು ಅಂದಿನಿಂದ ಗೆಳತಿಯರು. ಹೋದಾಗಲೆಲ್ಲ ಅವಳಿಗೆ ಶೇಂಗಾ ಚಟ್ನಿಪುಡಿ ಒಯ್ಯುತ್ತಿದ್ದೆ. ಅದನ್ನು ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದಳು.

ಈ ನಡುವೆ ಕೆಲಸದ ರೀತಿಯೂ ಬದಲಾಯಿತು. ಮೊದಲು ನಾನು ಹೇಳಿದ್ದೇ ವೇದವಾಕ್ಯ. ಆಮೇಲೆ ಪ್ರತಿಯೊಬ್ಬರ ಕೈಯಲ್ಲೂ ಫೋನು ಬಂತು, ನಾನು ಶಿಖರದ ಎತ್ತರ ಹೇಳುವಷ್ಟರಲ್ಲಿ ಮೂರು ಜನ ತಿದ್ದುತ್ತಿದ್ದರು. ಪುಣ್ಯಕ್ಕೆ ಟೆಹಾಚಪಿ ದಾಟಿದ ಮೇಲೆ ಬಹಳ ಕಡೆ ಸಿಗ್ನಲ್ಲು ಇರುವುದಿಲ್ಲ. ಬಸ್ಸಿನಲ್ಲಿ ಜನ ಒಬ್ಬರನ್ನೊಬ್ಬರು ಮಾತಾಡಿಸಲು ಶುರುಮಾಡುವುದು ಅಲ್ಲಿಂದ. ಅಂಕಿಸಂಖ್ಯೆಗಳನ್ನು ಫೋನಿಗೆ ಬಿಟ್ಟು ನಾನು ಮನುಷ್ಯರ ವಿಷಯ ಹೇಳತೊಡಗಿದೆ.

ಆದರೂ ಮರುಭೂಮಿಯ ದಾರಿಗೆ ಜನ ಕಡಿಮೆಯಾದರು. ಲಾಸ್ ವೇಗಸ್ಸಿನ ಬಸ್ಸು ತುಂಬುತ್ತಿತ್ತು, ನನ್ನದರಲ್ಲಿ ಹಿಂದಿನ ಸೀಟುಗಳು ಖಾಲಿ. ಒಂದು ವಸಂತದಲ್ಲಿ ಕಿಣಿಯವರು, "ಈ ಸಲ ನಾನೇ ಬರ್ತೇನೆ. ನೋಡ್ತೇನೆ. ಆ ಕೆರೆಯ ಹತ್ರ ಜನ ಬೈದ್ರೆ ಕೆರೆಯೂ ಇಲ್ಲ, ಈ ರೂಟೂ ಇಲ್ಲ. ಬೇಜಾರು ಮಾಡ್ಬೇಡಿ ಆಯ್ತಾ?" ಎಂದರು. ಬೇಜಾರು ಬಹಳವೇ ಆಯಿತು. ಡೋರಾಳಿಗೆಂದು ಈ ಸಲ ಚಟ್ನಿಪುಡಿ ಎರಡು ಪಟ್ಟು ಮಾಡಿದೆ, ಕೊನೆಯ ಸಲವೇ ಇರಬಹುದು ಎಂದು.

ಆ ಚಳಿಗಾಲ ಸಿಯೆರಾದಲ್ಲಿ ಹಿಮ ವಿಪರೀತ ಬಿದ್ದಿತ್ತು. ಕರಗಿದ ನೀರನ್ನು ಕಾಲುವೆಗಳೆಲ್ಲ ಸೇರಿಯೂ ಹಿಡಿಯಲಾಗದೆ ಕಣಿವೆಗೆ ಬಿಟ್ಟಿದ್ದಾರೆ ಎಂದು ಸುದ್ದಿ ಓದಿದ್ದೆ. ಆದರೆ ಓದುವುದು ಬೇರೆ. ಲೋನ್ ಪೈನ್ ದಾಟಿ ಬಸ್ಸು ತಿರುಗಿದಾಗ ಬಿಳಿ ಬಯಲಿನ ಜಾಗದಲ್ಲಿ ನೀಲಿ ನೀರು ಇತ್ತು. ಬೆಟ್ಟಗಳು ಅದರಲ್ಲಿ ತಲೆಕೆಳಗಾಗಿ ಕಾಣುತ್ತಿದ್ದವು. ನಾನು ಮೈಕು ಕೆಳಗಿಟ್ಟು ಕಿಟಕಿಯ ಕಡೆ ಬಾಗಿದೆ.

ಮುಂದಿನ ಸೀಟಿನಲ್ಲಿದ್ದವರು ಇಳಕಲ್ಲಿನ ನಿವೃತ್ತ ಉಪತಹಶೀಲ್ದಾರರು. ಮಗಳು ಮಿಲ್ಪಿಟಾಸಿನ ಹತ್ತಿರದ ಎವರ್‌ಗ್ರೀನಿನಲ್ಲಿದ್ದಾಳೆ. ಹಿಂದಿನ ದಿನ ನಾನು ಹಡಗಿನ ಕಥೆ ಹೇಳಿದ್ದಾಗ ಹೆಂಡತಿ ಗೌರಮ್ಮನ ಕಡೆ ತಿರುಗಿ, "ಬುರುಡಿ ಬಿಡ್ತಾಳ" ಎಂದದ್ದು ನನಗೆ ಕೇಳಿಸಿತ್ತು. ಈಗ ಸಾಹೇಬರು ಕನ್ನಡಕ ಒರೆಸಿಕೊಂಡು ನೋಡಿದರು. "ಒಣಾ ಕೆರಿ ತೋರಸ್ತೀನಿ ಅಂದ್ರಿ, ನೀರು ತೋರಸ್ತೀರಲ್ರಿ!" ಎಂದು ಅದಕ್ಕೂ ಆಕ್ಷೇಪಿಸಿದರು.

ಅಂದು ಯಾರನ್ನೂ ಇಳಿಸಬೇಕಾಗಲಿಲ್ಲ. ಎಲ್ಲರಿಗಿಂತ ಮೊದಲು ಗೌರಮ್ಮ ಇಳಿದರು. ಬಸ್ಸಿನ ಹೆಂಗಸರಲ್ಲೇ ಹಿರಿಯರು, ನಡೆಯುವಾಗ ಕೋಲು ಬೇಕು. ನೀರಿನ ಅಂಚಿನ ತನಕ ಹೋಗಿ, "ಎಷ್ಟು ವರ್ಷ ಆಗಿತ್ತವ್ವಾ ಇದು ತುಂಬಿ?" ಎಂದು ಕೇಳಿದರು. ನಮ್ಮ ಯಾರ ಹುಟ್ಟಿಗಿಂತಲೂ ಹಿಂದೆ ಬತ್ತಿದ್ದು, ನಡುವೆ ಆಗೊಮ್ಮೆ ಈಗೊಮ್ಮೆ ನೀರು ಬಂದಿದೆ, ಹೀಗೆ ತುಂಬಿದ್ದು ನಾನು ನೋಡಿಲ್ಲ ಎಂದೆ.

"ಹಂಗಾದ್ರ ಬಾಗಿನ ಕೊಡಬೇಕು."

ಹೆಂಗಸರೆಲ್ಲ ಹೌದೆಂದರು. ಕೆರೆ ತುಂಬಿದರೆ ಬಾಗಿನ ಕೊಡದೆ ಬರುವುದುಂಟೇ? ಕ್ಷಣದಲ್ಲಿ ಬಸ್ಸೆಲ್ಲ ಅಡುಗೆಮನೆಯಾಯಿತು. ಯಾರದೋ ಡಬ್ಬಿಯಿಂದ ಅಕ್ಕಿ, ಮೋಟೆಲಿನ ಬೆಳಗಿನ ಬಾಳೆಹಣ್ಣು, ದಾರಿಯಲ್ಲಿ ಕೊಂಡ ಖರ್ಜೂರ, ಗೌರಮ್ಮನ ಚೀಲದಿಂದ ಒಣ ಕೊಬ್ಬರಿ ಬಟ್ಟಲು, ಅರಿಷಿಣ ಕುಂಕುಮ, ಒಂದು ಗುಳೇದಗುಡ್ಡದ ಖಣ. ಮೊರ ಸಿಗದ್ದಕ್ಕೆ ಕೇಕಿನ ರಟ್ಟಿನ ಡಬ್ಬಿಯ ಮುಚ್ಚಳ.

ಆದರೆ ನೀರಿಗೆ ಏನನ್ನೂ ಹಾಕುವ ಹಾಗಿಲ್ಲ. ಅದು ಹಕ್ಕಿಗಳ ಜಾಗ, ಒಂದು ಅಕ್ಕಿಕಾಳು ಬಿಡಬಾರದು ಎಂದು ನಾನೇ ವರ್ಷಗಟ್ಟಲೆ ಹೇಳುತ್ತ ಬಂದವಳು. ಕಿಣಿಯವರು ಪಕ್ಕಕ್ಕೆ ಬಂದು ಪಿಸುಗುಟ್ಟಿದರು, "ದಂಡ ಹಾಕ್ತಾರೆ ಮಾರಾಯ್ರೆ! ನೀವೇ ಹೇಳಿ, ನಾನು ಹೇಳಿದ್ರೆ ಕೇಳ್ಲಿಕ್ಕಿಲ್ಲ." ಹೇಳಿದೆ. ಗೌರಮ್ಮನ ಮುಖ ಬಾಡಿತು. ತಂದದ್ದನ್ನು ವಾಪಸು ಒಯ್ಯುವುದು ಹೇಗೆ ಎಂದು ಎಲ್ಲರೂ ಆ ಮುಚ್ಚಳದ ಸುತ್ತ ನಿಂತರು. ಇಷ್ಟು ವರ್ಷ ಇಳಿಯಿರಿ ಎಂದು ಗೋಗರೆದವಳು, ಇಳಿದ ಒಂದೇ ಒಂದು ದಿನ ಅವರ ಮನಸ್ಸು ಮುರಿದೆನಲ್ಲ ಎಂದು ನನಗೂ ಸಂಕಟವಾಯಿತು.

ಸ್ವಲ್ಪ ದೂರದಲ್ಲಿ ಡೋರಾ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ನೀರು ಬಂದಂದಿನಿಂದ ಬಿಡುವಾದಾಗಲೆಲ್ಲ ಬಂದು ನೋಡುತ್ತ ಕೂರುತ್ತಿದ್ದಳಂತೆ. ನನಗೆ ಕೈ ಎತ್ತಿದಳು.

"ಆಕಿ ಯಾರು?" ಎಂದರು ಗೌರಮ್ಮ.

"ಡೋರಾ ಅಂತ. ನನ್ನ ಗೆಳತಿ. ಈ ಕೆರಿ ಮೊದಲು ಇವರ ಮಂದೀದು."

"ಮತ್ತ ಆಕೀಗೇ ಕೊಟ್ರಾತಲ್ಲ. ಕೆರಿಗೆ ಕೊಟ್ರೇನು, ಕೆರಿ ಮಗಳಿಗೆ ಕೊಟ್ರೇನು? ಉಡಿ ತುಂಬೂಣು."

ಉಡಿ ತುಂಬುವುದೆಂದರೆ ನಮ್ಮ ಕಡೆ ತವರಿನಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿ ಹರಸುವುದು. ಗುಂಪಿನಲ್ಲಿ ಒಬ್ಬರು ಮೆಲ್ಲಗೆ ಕೇಳಿದರು, "ಆಕೀ ಗಂಡ ಅದಾರೇನ್ರೀ?" ಎಲ್ಲರೂ ನನ್ನ ಕಡೆ ನೋಡಿದರು. ಉಡಿ ತುಂಬುವುದು ಮುತ್ತೈದೆಯರಿಗೆ. ಡೋರಾಳ ಗಂಡ ತೀರಿಕೊಂಡು ಬಹಳ ವರ್ಷವಾಗಿದೆ ಎಂದು ನನಗೆ ಗೊತ್ತಿತ್ತು. ಸುಳ್ಳು ಹೇಳಬಹುದಿತ್ತು. ಆದರೆ ಇಲ್ಲ ಎಂದೆ.

"ಮತ್ತ ಹೆಂಗ?" ಎಂದರು ಅವರು.

ಗೌರಮ್ಮ ಕೋಲೂರಿ ತಿರುಗಿದರು. "ನಾವು ಕೆರಿಗೆ ಕೊಡಾಕ ನಿಂತಿದ್ವಿ. ಕೆರಿಗೆ ಗಂಡ ಅದಾನೇನು?"

"ಗಂಗವ್ವಗ ಶಿವ ಅದಾನಲ್ರೀ."

"ಇಷ್ಟು ವರ್ಷ ಒಣಗಿ ಬಿದ್ದಾಗ ಎಲ್ಲಿ ಹೋಗಿದ್ದ ನಿಮ್ಮ ಶಿವ? ಆಗ ಕೆರಿ ಜೋಡಿ ಕುಂತಾಕಿ ಈಕಿ. ಸರೀರಿ ಅತ್ತಾಗ."

ಸಾಹೇಬರು ಜೋರಾಗಿ ನಕ್ಕರು. ಕೇಳಿದವರು ಅತ್ತ ಸರಿದರು. ನಾನು ಡೋರಾಳಿಗೆ ಹೋಗಿ ಹೇಳಿದೆ: ಕೆರೆಗೆ ನೀರು ಬಂದರೆ ನಮ್ಮಲ್ಲಿ, ತವರಿಗೆ ಬಂದು ತನ್ನ ಮನೆಗೆ ಹೊರಟ ಮಗಳಿಗೆ ತುಂಬುವ ಹಾಗೆ ಕೊಡುತ್ತಾರೆ, ನೀರಿಗೆ ಹಾಕುವಂತಿಲ್ಲ, ನಿನಗೆ ಕೊಡಬೇಕೆಂದಿದ್ದಾರೆ. ಅವಳು ನೀರನ್ನು ನೋಡಿ ಕುರ್ಚಿಯಿಂದ ಎದ್ದಳು. ಆಮೇಲೆ, "ನಾನೇನು ಮಾಡಬೇಕು?" ಎಂದಳು.

"ಮಡಿಲು ಒಡ್ಡಬೇಕು, ಅಷ್ಟೆ."

ಅವಳದು ಜೀನ್ಸು, ಅಂಗಿ. ಗೌರಮ್ಮ ತಮ್ಮ ಶಾಲು ತೆಗೆದು ಅವಳ ಹೆಗಲಿಗೆ ಹಾಕಿ, ಅದರ ತುದಿಯನ್ನೇ ಸೆರಗು ಮಾಡಿ ಹಿಡಿಸಿದರು. ಹಣೆಗೆ ಕುಂಕುಮ ಹಚ್ಚಿದರು. ಹಿಡಿ ಹಿಡಿ ಅಕ್ಕಿ ಬಿತ್ತು, ಖರ್ಜೂರ ಬಿತ್ತು, ಕೊಬ್ಬರಿ ಬಿತ್ತು. ಯಾರೋ ಹಾಡು ಶುರುಮಾಡಿದರು. ನಾನು ಆಗ ಅಲ್ಲಿರಲಿಲ್ಲ. ಹೇಳುವುದನ್ನು ಹೇಳಿ, ರೂಢಿಯಂತೆ ಹಿಂದೆ ಸರಿದು ಬಸ್ಸಿನ ಬಾಗಿಲ ಬಳಿ ನಿಂತಿದ್ದೆ. ನನ್ನವರು ಹೋದ ಮೇಲೆ ಇಂಥ ಹೊತ್ತಿನಲ್ಲಿ ಕಾಲು ತಾನಾಗಿಯೇ ಹಿಂದೆ ಹೋಗುತ್ತದೆ. ಗೌರಮ್ಮನ ಮಾತು ಕೇಳಿದ ಮೇಲೂ ಹೋಯಿತು. ಯಾರೂ ಕರೆಯಲಿಲ್ಲ, ತಪ್ಪೆಂದು ಹೇಳುವುದಿಲ್ಲ, ಗೈಡನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆದರೆ ನನಗೆ ಆಸೆಯಾಯಿತು. ಬಹಳ ಆಸೆಯಾಯಿತು.

ಉಡಿ ತುಂಬಿದ ಮೇಲೆ ಡೋರಾ, ಯಾರೂ ಹೇಳಿಕೊಡದೆಯೇ, ಒಂದು ಹಿಡಿ ಅಕ್ಕಿ ತೆಗೆದು ಗೌರಮ್ಮನ ಕೈಗೆ ವಾಪಸು ಹಾಕಿದಳು. ಗೌರಮ್ಮ ಆಶ್ಚರ್ಯದಿಂದ ನನ್ನ ಕಡೆ ನೋಡಿದರು. ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಿದ್ದೆವು, ಕೊಟ್ಟವರ ಕೈ ಖಾಲಿ ಬಿಡಬಾರದೆಂದು.

ಕಿಣಿಯವರು ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದರು. ವಾಪಸು ಬರುವಾಗ ನನ್ನ ಪಕ್ಕ ಬಂದು ಕೂತು, "ರೂಟ್ ಇರ್ಲಿ" ಎಂದಷ್ಟೇ ಹೇಳಿದರು. ಆದರೆ ವ್ಯಾಪಾರಿ ನೋಡಿ, ಮರುವರ್ಷ ನನ್ನನ್ನು ಕೇಳದೆ ಗ್ರೋಸರಿಯ ಗೋಡೆಯ ಮೇಲೆಲ್ಲ ಪೋಸ್ಟರು ಹಚ್ಚಿಸಿದರು: 'ಮರುಭೂಮಿಯ ಕೆರೆಗೆ ಬಾಗಿನ!' ಬಸ್ಸು ತುಂಬಿತು. ಈ ಸಲ ನಿಜವಾದ ಮೊರಗಳೇ ಬಂದವು, ರೇಷ್ಮೆ ಸೀರೆಗಳು ಬಂದವು. ಕೆರೆ ಮಾತ್ರ ಬರಲಿಲ್ಲ. ಆ ಚಳಿಗಾಲದ ಹಿಮ ಸಾಮಾನ್ಯವಾಗಿತ್ತು, ನೀರು ಇಂಗಿ, ಆರಿ, ಮತ್ತೆ ಬಿಳಿ ಬಯಲು.

"ಎಲ್ರೀ ಕೆರಿ?" ಎಂದು ಬಸ್ಸೇ ಕೂಗಿತು. ಕಿಣಿಯವರು ಆ ದಿನ ಬಂದಿರಲಿಲ್ಲ, ಜಾಣರು. ಗಾಳಿ ಬೇರೆ. ನಾನು ಕೆಳಗಿಳಿದು ಒಬ್ಬಳೇ ನಿಂತೆ. ಈ ಸಲ ದಾರಿ ಮುಚ್ಚುವುದು ಗ್ಯಾರಂಟಿ ಎಂದುಕೊಂಡೆ.

ರಸ್ತೆಯ ಅಂಚಿನಲ್ಲಿ ಡೋರಾಳ ಪಿಕಪ್ಪು ನಿಂತಿತ್ತು, ಅದರ ತುಂಬ ಅವಳ ಮನೆಯವರು. ಅವಳು ಇಳಿದು ಬಂದಳು, ಹೆಗಲ ಮೇಲೆ ಗೌರಮ್ಮನ ಶಾಲು, ಕೈಯಲ್ಲಿ ಬುಟ್ಟಿ. ಬುಟ್ಟಿಯ ತುಂಬ ಬೆಟ್ಟದ ಪೈನ್ ಮರದ ಬೀಜ, ಅವಳ ಜನ ತಲತಲಾಂತರದಿಂದ ಶರತ್ಕಾಲದಲ್ಲಿ ಆರಿಸಿ ಹುರಿದು ಇಟ್ಟುಕೊಳ್ಳುವ ಆಹಾರ. ನೇರ ಬಸ್ಸು ಹತ್ತಿ, ಎಲ್ಲರಿಗಿಂತ ಹಿರಿಯರು ಯಾರು ಎಂದು ಕೇಳಿದಳು. ಹುಬ್ಬಳ್ಳಿಯ ಒಬ್ಬ ಅಜ್ಜಿಯನ್ನು ತೋರಿಸಿದೆ. ಡೋರಾ ಅಜ್ಜಿಯ ಸೆರಗು ಹಿಡಿದು ಬೀಜ ಹಾಕಿದಳು. ಅಜ್ಜಿಗೆ ಏನೂ ಗೊತ್ತಿಲ್ಲ, ಆದರೂ ಸೆರಗು ಒಡ್ಡಿದರು. ಸೆರಗು ಒಡ್ಡುವುದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಇಳಿದರು. ತಂದ ಮೊರಗಳನ್ನು ಡೋರಾಳಿಗೂ ಅವಳ ಮನೆಯವರಿಗೂ ಕೊಟ್ಟು, ಒಣ ಕೆರೆಯ ಮುಂದೆ ಅರ್ಧ ಗಂಟೆಗಿಂತ ಹೆಚ್ಚೇ ನಿಂತರು. ಡೋರಾ ತನ್ನ ಅಜ್ಜಿ ಹೇಳಿದ ನೀರಿನ ಮಾತು ಹೇಳಿದಳು, ನಾನು ಕನ್ನಡ ಮಾಡಿದೆ. ಅಂದಿನಿಂದ ಪ್ರತಿ ವಸಂತದಲ್ಲೂ ಮೊದಲ ಬಸ್ಸಿಗೆ ಅವಳು ಬುಟ್ಟಿ ಹಿಡಿದು ಬರುತ್ತಾಳೆ. ಕಿಣಿಯವರು ಪೋಸ್ಟರು ತೆಗೆಸಿದರು, ಹೇಳದೆಯೇ ಜನ ಬರತೊಡಗಿದರು.

ಈ ವರ್ಷ ನನ್ನ ಕೊನೆಯ ಟ್ರಿಪ್ಪು ಮುಗಿಯಿತು. ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಯಾವಾಗಲೂ ಪ್ಯಾಂಟು, ಜಾಕೆಟ್ಟು ಹಾಕುವವಳು ಆ ದಿನ ಅವ್ವನ ಇಳಕಲ್ ಸೀರೆ ಉಟ್ಟಿದ್ದೆ. ಅನಘಾ ಕೆಲಸ ಕಲಿಯಲೆಂದು ಜೊತೆಗೆ ಬಂದಿದ್ದಳು.

ಕೆರೆ ಒಣಗಿತ್ತು. ಡೋರಾ ಬುಟ್ಟಿ ಹಿಡಿದು ಬಂದಾಗ ನಾನು ಬಸ್ಸಿನ ಹಿರಿಯ ಅಜ್ಜಿಯನ್ನು ತೋರಿಸಿದೆ. ಅವಳು ತಲೆಯಾಡಿಸಿದಳು. ನನ್ನ ಮುಂದೆ ಬಂದು ನಿಂತಳು.

"ಮನೆಗೆ ಹೊರಟವಳಿಗೆ ತುಂಬುವುದು ಎಂದು ನೀನೇ ಹೇಳಿದ್ದೆ. ಇವತ್ತು ಹೊರಟವಳು ನೀನು."

"ನನಗೆ ತುಂಬುವ ಹಾಗಿಲ್ಲ ಡೋರಾ. ನನ್ನ ಗಂಡ ಇಲ್ಲ."

"ನನ್ನವನೂ ಇಲ್ಲ. ಅವತ್ತು ನೀನು ಬಸ್ಸಿನ ಬಾಗಿಲಲ್ಲಿ ನಿಂತಿದ್ದನ್ನು ನಾನು ನೋಡಿದ್ದೆ."

ಇಷ್ಟು ವರ್ಷ ಅವಳು ಅದನ್ನು ಒಮ್ಮೆಯೂ ಆಡಿರಲಿಲ್ಲ. ನಾನು ಸೆರಗು ಒಡ್ಡಿದೆ. ಕಣ್ಣು ತುಂಬಿದ್ದರಿಂದ ಬೀಜ ಬೀಳುವುದು ಕಾಣಲಿಲ್ಲ, ಸೆರಗು ಭಾರವಾಗುವುದು ಮಾತ್ರ ತಿಳಿಯಿತು. ಅವ್ವ ಕೊನೆಯ ಸಲ ಹೀಗೆ ತುಂಬಿದ ಮನೆಯ ಕಟ್ಟೆ ಈಗ ನೀರಿನ ಕೆಳಗಿದೆ. ಒಂದು ಹಿಡಿ ತೆಗೆದು ಡೋರಾಳ ಕೈಗೆ ವಾಪಸು ಹಾಕಿದೆ.

ಬಸ್ಸು ಹತ್ತಿದಾಗ ಮೈಕು ಹಿಡಿಯಲು ನನಗೆ ಕೈ ಬಿಡುವಿರಲಿಲ್ಲ. ಅನಘಾಳಿಗೆ ಸನ್ನೆ ಮಾಡಿ, ಪ್ರಯಾಣಿಕರ ಸೀಟಿನಲ್ಲಿ ಕೂತೆ. ಅವಳು ಗಂಟಲು ಸರಿ ಮಾಡಿಕೊಂಡು, "ಇಲ್ಲಿ ಒಂದು ಸ್ಟೀಮ್‌ಬೋಟು ಓಡ್ತಾ ಇತ್ತು, ಫುಲ್ ಬೆಳ್ಳಿ ಹೊತ್ಕೊಂಡು" ಎಂದು ಶುರುಮಾಡಿದಳು.

ಹಿಂದಿನ ಸೀಟಿನಿಂದ ಒಬ್ಬರು, "ಬುರುಡಿ" ಎಂದರು.

ನಾನು ತಿರುಗಲಿಲ್ಲ. ತಿರುಗಿದ್ದರೆ ಉಡಿ ಚೆಲ್ಲುತ್ತಿತ್ತು.